ಸಹಾಯ ಬೇಕು: ಟ್ಯಾಲಿಗಾಗಿ ವಿಂಡೋಸ್, ಉಳಿದದ್ದಕ್ಕೆ ಲಿನಕ್ಸ್ ಆಗುತ್ತಾ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಡೊಂಬಿವಲಿಯಲ್ಲಿ. ಮನೆಯಿಂದಲೇ ಮೂರು ಉಡುಪಿ ಹೋಟೆಲ್‌ಗಳ ಲೆಕ್ಕವನ್ನು ಟ್ಯಾಲಿ ಅನ್ನುವ ಲೆಕ್ಕಪತ್ರದ ಸಾಫ್ಟ್‌ವೇರ್‌ನಲ್ಲಿ ಬರೆಯುತ್ತೇನೆ. ಕೆಲಸದ ಹುಡುಗರ ಆಧಾರ್, ಸಂಬಳ, ಬ್ಯಾಂಕ್ ವಿವರ ಎಲ್ಲಾ ನನ್ನ ಹಳೆ ಕಂಪ್ಯೂಟರ್‌ನಲ್ಲೇ ಇದೆ. ಅದರಲ್ಲಿ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇಲ್ಲ, ಹಾಗಾಗಿ ವಿಂಡೋಸ್ 11 ಕೂರುವುದಿಲ್ಲ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್‌ಗೇ ಮುಗಿದಿದೆ.

ಹೊಸದು ಕೊಳ್ಳೋಣ ಅಂತ ಮುಂಬೈನ ಕಂಪ್ಯೂಟರ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡಿಗೆ ಎರಡು ಸಲ ಹೋಗಿ ಬಂದೆ. ರೈಜನ್ 5 5600ಜಿ ಪ್ರೊಸೆಸರ್, 16 ಜಿಬಿ ರ‍್ಯಾಮ್, 500 ಜಿಬಿ ಎಸ್‌ಎಸ್‌ಡಿ ಅಂತ ಬರೆಸಿಕೊಂಡಿದ್ದೇನೆ. ಗ್ರಾಫಿಕ್ಸ್ ಪ್ರೊಸೆಸರ್ ಒಳಗೇ ಇದೆ, ಬೇರೆ ಕಾರ್ಡ್ ಬೇಡ. ಅಂಗಡಿಯವರು ವಿಂಡೋಸ್ 11 ಹೋಮ್ ಹಾಕಿಕೊಡುತ್ತೇವೆ ಅಂದರು. ಆದರೆ ಅದರಲ್ಲಿ ಡಯಾಗ್ನೋಸ್ಟಿಕ್ ಡೇಟಾ (ಕಂಪ್ಯೂಟರ್ ಹೇಗೆ ನಡೆಯುತ್ತಿದೆ ಅನ್ನುವ ಮಾಹಿತಿ) ಮೈಕ್ರೋಸಾಫ್ಟ್‌ಗೆ ಹೋಗುವುದನ್ನು ಪೂರ್ತಿ ನಿಲ್ಲಿಸಲು ಆಗುವುದಿಲ್ಲ. ನಂಬಿ ಕೊಟ್ಟ ಬೇರೆಯವರ ಕಾಗದಪತ್ರ ಅಲ್ವಾ, ಮನಸ್ಸು ಒಪ್ಪುತ್ತಿಲ್ಲ.

ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವ್‌ನಿಂದ ಹಾಕಿ ನೋಡಿದೆ. ಪ್ರಿಂಟರ್, ಕನ್ನಡ ಟೈಪಿಂಗ್ ಎರಡೂ ಚೆನ್ನಾಗಿ ಬಂತು. ವೈನ್‌ನಲ್ಲಿ (ಲಿನಕ್ಸ್‌ನಲ್ಲಿ ವಿಂಡೋಸ್ ಪ್ರೋಗ್ರಾಂ ನಡೆಸುವ ಸಾಫ್ಟ್‌ವೇರ್) ಟ್ಯಾಲಿ ಮಾತ್ರ ತೆರೆಯಲೇ ಇಲ್ಲ.

ನಾನು ಸಿಕ್ಕಿಕೊಂಡಿರುವುದು ಇಲ್ಲೇ. ಲಿನಕ್ಸ್ ಒಳಗೆ ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್‌ನಂತೆ ನಡೆಸುವ ಸಾಫ್ಟ್‌ವೇರ್) ವಿಂಡೋಸ್ ಇಟ್ಟು, ಅದಕ್ಕೆ ಇಂಟರ್ನೆಟ್ ಕೊಡದೆ ಟ್ಯಾಲಿ ನಡೆಸಿದವರು ಇದ್ದೀರಾ? ಅದಕ್ಕೆ 16 ಜಿಬಿ ರ‍್ಯಾಮ್ ಸಾಕಾ, 32 ಬೇಕಾ? ಇಲ್ಲ, ಎರಡು ಎಸ್‌ಎಸ್‌ಡಿ ಹಾಕಿ ವಿಂಡೋಸ್, ಲಿನಕ್ಸ್ ಎರಡನ್ನೂ ಬೇರೆ ಬೇರೆ ಇಡುವುದೇ ಒಳ್ಳೆಯದಾ? ಶನಿವಾರ ದುಡ್ಡು ಕಟ್ಟಬೇಕು, ಅದಕ್ಕೆ ಮೊದಲು ಹೇಳಿ.