ಸಹಾಯ ಬೇಕು: ಮಾಯದ ಗಾಯ, ಬಿಡುವಿಲ್ಲದ ಅವ್ವ
ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಮರೆವಿನ ಕಾಯಿಲೆಯ ಅಜ್ಜಿಯನ್ನು ಹಗಲಿರುಳು ನೋಡಿಕೊಳ್ಳುವ ಅವ್ವನಿಗೆ, ರೊಟ್ಟಿ ಬೇಯಿಸುವಾಗ ಹಂಚು ತಾಗಿ ಮುಂಗೈ ಸುಟ್ಟು ಐದು ವಾರಗಳಾದರೂ, ಗಾಯದ ಅಂಚಿನಲ್ಲಿ ಹೊಸ ಚರ್ಮ ಬಂದಿದೆಯೇ ಹೊರತು ನಡುಭಾಗ ಇನ್ನೂ ಹಸಿಯಾಗಿಯೇ ಇದೆ. ಸಕ್ಕರೆ ಪರೀಕ್ಷೆಯಲ್ಲಿ ದೋಷವಿಲ್ಲ. ಡ್ರೆಸ್ಸಿಂಗ್ ಒಂದು ದಿನವೂ ತಪ್ಪಿಲ್ಲ. 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಅಜ್ಜಿಯಂಥ ಮರೆವಿನ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಮಹಿಳೆಯರ ಸಣ್ಣ ಗಾಯ ಮಾಯಲು ಇತರರಿಗಿಂತ ಸುಮಾರು 9 ದಿನ ಹೆಚ್ಚು ಹಿಡಿದಿತ್ತು. ಒತ್ತಡದಿಂದ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನು, ರೋಗನಿರೋಧಕ ಕಣಗಳನ್ನು ಗಾಯದತ್ತ ಕರೆಯುವ ಸಂಕೇತಗಳನ್ನೇ ತಗ್ಗಿಸುತ್ತದೆ. ಅವ್ವ ಮಾತ್ರ ‘ನನಗೇನಾಗೇತಿ’ ಎಂದು ಮಾತು ಹಾರಿಸುತ್ತಾಳೆ (ರಾತ್ರಿ ಮೂರು ತಾಸೂ ನಿದ್ದೆಯಿಲ್ಲ). ಇಲ್ಲಿ ಅಥವಾ ವಿಜಯಪುರದಲ್ಲಿ ಗಾಯದೊಂದಿಗೆ ಮನಸ್ಸನ್ನೂ ವಿಚಾರಿಸುವ ವೈದ್ಯರು, ಇಲ್ಲವೇ ರಾತ್ರಿ ಅಜ್ಜಿಯ ಬಳಿ ಇರಬಲ್ಲ ನಂಬಿಕಸ್ಥ ಹೆಣ್ಣುಮಗಳು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿರಿ.