ಜನ ಬೇಕೆನ್ನೋರು, ಜನ ಸಾಕೆನ್ನೋರು: ಮನೋವೈದ್ಯರ ಜೊತೆ ಪ್ರಶ್ನೋತ್ತರ

ರೇಖಾ, ಹಾಸನ: ಡಾಕ್ಟ್ರೇ, ಮಗಳಿಗೆ ಮನೆ ತುಂಬ ಜನ ಬೇಕು. ಮಗ ನೆಂಟರು ಬಂದ ಅರ್ಧ ಗಂಟೆಗೆ ರೂಮು ಸೇರ್ತಾನೆ. ಬೆಳೆಸಿದ್ದರಲ್ಲಿ ತಪ್ಪಾಯ್ತಾ?

ಡಾಕ್ಟರ್: ಇಲ್ಲಮ್ಮ. ಅವಳಿಗಳ ಅಧ್ಯಯನಗಳ ಪ್ರಕಾರ ಈ ವ್ಯತ್ಯಾಸದಲ್ಲಿ ಹೆಚ್ಚುಕಡಿಮೆ ಅರ್ಧ ಹುಟ್ಟಿನಿಂದಲೇ ಬಂದದ್ದು. ಅರ್ಧ ಗಂಟೆ ಚೆನ್ನಾಗಿ ಮಾತಾಡಿ ಎದ್ದರೆ ಅವನಿಗೆ ಅಷ್ಟು ಸಾಕು. ನೆಂಟರು ಬರೋ ಮುಂಚೆಯೇ ಕೈ ಬೆವರಿ, ಹೊಟ್ಟೆನೋವು ಅಂದರೆ ಅದು ಭಯ. ಅದಕ್ಕೆ ಚಿಕಿತ್ಸೆ ಇದೆ.

ಮಂಜುನಾಥ, ತಿಪಟೂರು: ನಮ್ಮ ಮಾವನಿಗೆ 68. ದಿನಾ ಸಂಜೆ ಅರಳಿಕಟ್ಟೆಗೆ ಹೋಗ್ತಿದ್ದೋರು ಮೂರು ತಿಂಗಳಿಂದ ಹೊರಗೇ ಹೊರಡ್ತಿಲ್ಲ. ವಯಸ್ಸಾಯ್ತು ಅಂತಾರೆ ಮನೇಲಿ.

ಡಾಕ್ಟರ್: ಇದನ್ನ ಹಗುರವಾಗಿ ತಗೋಬೇಡಿ. ಮೂರು ತಿಂಗಳಲ್ಲಿ ಸ್ವಭಾವ ಬದಲಾಗಲ್ಲ. ಮೊದಲು ಕಿವಿ. ಎದುರು ಕೂತು ಒಬ್ಬರೇ ಕೇಳಿದರೆ ಉತ್ತರ ಕೊಟ್ಟು, ನಾಲ್ಕು ಜನ ಸೇರಿದರೆ ಸುಮ್ಮನಾಗ್ತಾರಾ? ಟಿವಿ ಸೌಂಡು ಏರಿದೆಯಾ? ಕಟ್ಟೆಯಲ್ಲಿ ಮೂರು ಸಲ 'ಏನಂದೆ?' ಅಂದವರು ನಾಲ್ಕನೇ ಸಲ ಕೇಳಲ್ಲ, ಎದ್ದು ಬರ್ತಾರೆ. ಇಎನ್‌ಟಿ ಡಾಕ್ಟರು ಗುಗ್ಗೆ ಕಟ್ಟಿದೆಯಾ ನೋಡಲಿ, ಆಮೇಲೆ ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತೆ ಅನ್ನೋ ಪರೀಕ್ಷೆ. ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ವಿಟಮಿನ್ ಬಿ12 ನೋಡಿಸಿ. ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತೆ ಅಂತಲೂ ಗಂಡಸರು ಹೊರಗೆ ಹೋಗೋದು ಬಿಡ್ತಾರೆ, ಬಾಯಿ ಬಿಡಲ್ಲ; ನೀವೇ ಕೇಳಿ. ಎರಡು ವಾರಕ್ಕೂ ಮೀರಿ ನಿದ್ದೆ, ಊಟ, ಆಸಕ್ತಿ ಕುಗ್ಗಿದ್ದರೆ ಖಿನ್ನತೆ ಇರಬಹುದು. 'ನಾನಿದ್ದೇನು ಪ್ರಯೋಜನ' ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಮನೋವೈದ್ಯರ ಹತ್ತಿರ ಕರ್ಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಹಗಲೂ ರಾತ್ರಿ ಸಿಗುತ್ತೆ.

ಗಿರೀಶ: ಫಾರ್ವರ್ಡ್ ಬಂದದ್ದು. ಅಶ್ವಗಂಧದ ಪುಡಿ ಎರಡು ಚಮಚ ಹಾಲಲ್ಲಿ, 21 ದಿನ. ಮೌನಿಯೂ ಮಾತಾಡ್ತಾನೆ.

ಡಾಕ್ಟರ್: ಕೊಡಬೇಡಿ. ಥೈರಾಯ್ಡ್ ಏರುಪೇರಾಗಬಹುದು, ಕೆಲವರಿಗೆ ಲಿವರ್ ಕೆಟ್ಟಿದೆ. ನಿದ್ದೆ ಮಾತ್ರೆ ಜೊತೆಗೆ ಸೇರಿದರೆ ಮಂಪರು ಹೆಚ್ಚು.

ಗಿರೀಶ: ಆಯುರ್ವೇದ ಅಂದ್ರೆ ನಿಮಗಾಗಲ್ಲ.

ಡಾಕ್ಟರ್: ರೋಗ ಯಾವುದು ಅಂತ ತಿಳಿಯದೆ ಔಷಧಿ ಕೊಡೋದು ನನಗಾಗಲ್ಲ.

ಸವಿತಾ: ಮಾತಾಡಿಸದೆ ರೂಮು ಸೇರೋದು ಸೊಕ್ಕು. 'ಚೆನ್ನಾಗಿದ್ದೀರಾ' ಅನ್ನೋಕೇನು ಕಷ್ಟ?

ಕಿರಣ್: ಜನರ ನಡುವೆ ಇದ್ದು ದಣಿಯೋರೂ ಇದ್ದಾರೆ ಮೇಡಂ.

ಸವಿತಾ: ಮೈಮುರಿದು ದುಡಿದರೆ ದಣಿವು. ಕೂತು ಮಾತಾಡೋಕೆ ಎಂಥ ದಣಿವು?

ಕಿರಣ್: ನಿಮ್ಮ ಮನೆಗೆ ಬರೋರನ್ನೇ ಕೇಳಿ.

ಡಾಕ್ಟರ್: ಇಬ್ಬರೂ ನಿಲ್ಲಿಸಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ 2020ರ ಅಧ್ಯಯನದಲ್ಲಿ 10 ಗಂಟೆ ಒಂಟಿಯಾಗಿಟ್ಟವರಿಗೆ ಜನ ಕೂಡಿರೋ ಚಿತ್ರ ತೋರಿಸಿದರು. ಹಸಿದವರು ಊಟದ ಚಿತ್ರ ನೋಡಿದಾಗ ಮಿಡಿಯೋ ಮಿದುಳಿನ ಭಾಗವೇ ಮಿಡಿಯಿತು. ಜನ ಬೇಕು ಅನ್ನೋದೂ ಹಸಿವು. ಎಲ್ಲರ ಹೊಟ್ಟೆ ಒಂದೇ ಅಳತೆಯದಲ್ಲ.

ಶಶಿಕಲಾ: ಪಿಜಿಯಲ್ಲಿರೋ ಮಗಳು ವಾರಕ್ಕೊಮ್ಮೆ ಮಾತ್ರ ಫೋನ್ ಮಾಡ್ತಾಳೆ. ಅಷ್ಟು ಸಾಕಾ ಅವಳಿಗೆ?

ನಾಗರಾಜ: ಡಾಕ್ಟ್ರೇ, ನನ್ನ ಮಗನೂ ನೆಂಟರು ಬಂದರೆ ರೂಮು ಸೇರ್ತಾನೆ.

ಡಾಕ್ಟರ್: ರೇಖಾ ಅವರಿಗೆ ಬರೆದದ್ದು ಓದಿ.

ಮಂಜುನಾಥ: ಸರ್, ಟಿವಿ ಸೌಂಡು ಮುಂಚೆ 18 ಇತ್ತು, ಈಗ 40.

ಡಾಕ್ಟರ್: ಹಾಗಾದರೆ ಇದೇ ವಾರ ತೋರಿಸಿ. ಅಲ್ಲೀವರೆಗೆ ಟಿವಿ ಆರಿಸಿ, ಬೆಳಕು ನಿಮ್ಮ ಮುಖಕ್ಕೆ ಬೀಳೋ ಹಾಗೆ ಎದುರು ಕೂತು ನಿಧಾನಕ್ಕೆ ಮಾತಾಡಿ. ಕೂಗಬೇಡಿ, ಕೂಗಿದರೆ ಮಾತು ಇನ್ನೂ ಒಡೆದು ಕೇಳುತ್ತೆ.