ಅಮ್ಮ ಕ್ಲಿನಿಕ್ ಬಿಟ್ಟು ಬರಲ್ಲ, ಮಾವ ಕ್ಲಿನಿಕ್‌ಗೇ ಹೋಗಲ್ಲ

ಮಲ್ನಾಡ್_ಮಗಳು: ಅಪ್ಪ ಹೋದ್ಮೇಲೆ ಅಮ್ಮ ಊರಲ್ಲಿ ಒಬ್ರೇ, ಸುಮ್‌ಸುಮ್ನೆ ಕ್ಲಿನಿಕ್‌ಗೆ ಹೋಗಿ ಕೂತಿರ್ತಾರೆ, ಒಮ್ಮೆ ಮಂಡಿ ನೋವು ಒಮ್ಮೆ ಎದೆ ಉರಿ, ಬಿಪಿ ಶುಗರ್ ಇಸಿಜಿ ಎಲ್ಲಾ ನಾರ್ಮಲ್ಲೇ. ಇತ್ತ ಮಾವನೂ ಒಂಟಿ, ಆದ್ರೆ ಕಾಲು ಊದಿದ್ರೂ ಡಾಕ್ಟರ್ ಹೆಸ್ರೆತ್ತಂಗಿಲ್ಲ. ಯಾಕೆ ಹಿಂಗೆ?

ಸಿಸ್ಟರ್_ಅಕ್ಕ: ನಮ್ ಪಿಎಚ್‌ಸೀಲಿ ದಿನಾ ಇದೇ. ಅಜ್ಜೀರು ಬಿಪಿ ಪಟ್ಟಿ ಬಿಚ್ಚಿದ್ರೂ ಸ್ಟೂಲ್ ಬಿಟ್ಟೇಳಲ್ಲ, ಮೊಮ್ಮಕ್ಕಳ ಸುದ್ದಿ ಶುರು. ತಾತಂದ್ರನ್ನ ಹೆಂಡ್ತೀರೇ ಎಳ್ಕೊಂಡ್ ಬರ್ತಿದ್ರು, ಅವ್ರು ಹೋದ್ಮೇಲೆ ಮಾತ್ರೆ ನೆನಪಿಸೋರೂ ಇಲ್ಲ, ಸೀದಾ ಎಮರ್ಜೆನ್ಸೀಗೇ ಬರೋದು. ಎಲ್ರೂ ಹಂಗೇ ಅಂತಲ್ಲ ಮತ್ತೆ. ಕಾಲೂತ ಮಾತ್ರ ಬಿಡ್ಬೇಡಿ, ಹಾರ್ಟು, ಕಿಡ್ನಿ, ಲಿವರ್ ಯಾವ್ದಾದ್ರೂ ಇರ್ಬೋದು, ಬೇಗ ತೋರ್ಸಿ. ಉಸಿರಾಡೋಕೆ ಕಷ್ಟ ಆದ್ರೆ ಕಾಯ್ಬೇಡಿ, 108.

ಅರಳಿಕಟ್ಟೆ: ಅಮ್ಮಂಗೆ ಹೊತ್ತು ಹೋಗ್ದಿದ್ರೆ ಡಾಕ್ಟರ್ ಏನ್ ಮಾಡ್ತಾರೆ, ಭಜನೆ ಮಂಡಳಿಗೋ ಸ್ತ್ರೀಶಕ್ತಿ ಸಂಘಕ್ಕೋ ಸೇರ್ಸಿ. ಹಿರಿಯರ ಸಹಾಯವಾಣಿ 14567 ಇದೆ, ಮನಸ್ಸಿನ ಬೇಜಾರಿಗೆ ಟೆಲಿ ಮಾನಸ್ 14416, ಎರಡೂ ಫ್ರೀ.

ಮಲ್ನಾಡ್_ಮಗಳು: ಥ್ಯಾಂಕ್ಸ್. ಮಾವನ್ನ ಒಪ್ಸೋದ್ ಹೆಂಗೆ?

ಸಿಸ್ಟರ್_ಅಕ್ಕ: ಚೆಕಪ್ ಅನ್ಲೇಬೇಡಿ. ನಂಗೆ ತೋರಿಸ್ಬೇಕು, ಜೊತೆಗ್ ಬನ್ನಿ ಅನ್ನಿ, ಬರ್ತಾರೆ ನೋಡಿ.